ಉಡಿ ತುಂಬಿ ಕಳಿಸಿದರು

ಸತ್ಕಾರ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇವತ್ತಿಗೂ ಅದರ ನಾತ ನನ್ನ ಮೂಗಿಗೆ ಬಡಿಯುತ್ತದೆ. ನುಸಿಗುಳಿಗೆಯ ವಾಸನೆ ಹೊಡೆಯುವ ಶಾಲು, ಬೆವರಿದ ಕತ್ತಿಗೆ ಅಂಟಿಕೊಳ್ಳುವ ಹಾರ, ತಲೆಗೆ ಒತ್ತಿ ಕೂರಿಸುವ ಪೇಟ. ಆ ಪೇಟದ ಒಳಪಟ್ಟಿಯನ್ನು ಯಾರಾದರೂ ತಿರುಗಿಸಿ ನೋಡಿದ್ದೀರಾ? ಯಾವ ಯಾವ ಮಹನೀಯರ ತಲೆಯ ಎಣ್ಣೆ ಕುಡಿದಿದೆಯೋ, ಕರ್ರಗೆ ಜಿಗಟಾಗಿರುತ್ತದೆ. ನಾನು ನೋಡಿದ್ದೇನೆ. ನೋಡಿಯೂ ತಲೆ ಒಡ್ಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ನಾನು ಬೈಲಹೊಂಗಲದವಳು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಟೆನ್ನಿಸ್ಸನ್ನೇ ವೃತ್ತಿ ಮಾಡಿಕೊಂಡು ಬದುಕಿದೆ. ಹಾಗೆಂದ ಕೂಡಲೇ ಜನ ಟಿವಿಯಲ್ಲಿ ಕಾಣುವ ಹಸಿರು ಹುಲ್ಲಿನ ಅಂಗಳವನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ಅದು ಬೇರೆ ಲೋಕ. ನಾನು ಆಡಿದ್ದು ಅದರ ಕೆಳಗಿನದರ ಕೆಳಗಿನ ಮೆಟ್ಟಿಲಲ್ಲಿ. ಅಲ್ಲಿ ಆಟ ನೋಡುವವರೆಂದರೆ ಎದುರಾಳಿಯ ತಾಯಿ, ಒಬ್ಬ ವಾಚಮನ್, ಒಂದು ನಾಯಿ. ಬೆವರಿನ ಬಟ್ಟೆಯನ್ನು ಲಾಡ್ಜಿನ ಬಚ್ಚಲಲ್ಲಿ ಹಿಂಡಿ ಫ್ಯಾನಿನ ಕೆಳಗೆ ಒಣಹಾಕಿ, ಬೆಳಿಗ್ಗೆ ಅದೇ ಹಸಿ ಬಟ್ಟೆಯನ್ನು ಮೈಗೇರಿಸಿಕೊಂಡು ಹೋಗಿ ಸೋತು ಬರುವುದು. ಚೀಲದಲ್ಲಿ ಕಟಕ ರೊಟ್ಟಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಹಿಂಡಿಯ ಪುಡಿ. ಯಾವ ದೇಶಕ್ಕೆ ಹೋದರೂ ನನ್ನ ರ‍್ಯಾಕೆಟ್ಟಿನ ಹಿಡಿಗೆ ಬೆಳ್ಳುಳ್ಳಿ ವಾಸನೆ. ಜೊತೆಯ ಹುಡುಗಿಯರು ಮೂಗು ಮುಚ್ಚಿಕೊಂಡು ನಗುತ್ತಿದ್ದರು.

ಆಟ ಕಲಿಸಿದವರು ಅಪ್ಪ. ಅವರು ಬೆಳಗಾವಿಯಲ್ಲಿ ಕಾಲೇಜು ಓದುವಾಗ ಕ್ಲಬ್ಬೊಂದರ ಬೇಲಿಯ ಆಚೆ ನಿಂತು ಟೆನ್ನಿಸ್ ನೋಡಿದವರು. ಒಂದೆರಡು ಸಲ ಯಾರೋ ಒಳಗೆ ಕರೆದು ಆಡಿಸಿದ್ದರಂತೆ. ಅಷ್ಟೇ ಅವರ ಬಂಡವಾಳ. ಊರಿಗೆ ಬಂದು ಹೊಲವನ್ನೂ ಬೀಜದ ಅಂಗಡಿಯನ್ನೂ ನೋಡಿಕೊಂಡರು, ಆದರೆ ಆ ಹುಚ್ಚು ಹೋಗಲಿಲ್ಲ. ಜೋಳದ ರಾಶಿಗೆ ಮಷಿನ್ನು ಬಂದ ಮೇಲೆ ನಮ್ಮ ಹೊಲದ ಕಣ ಖಾಲಿ ಬಿದ್ದಿತ್ತು. ಅಪ್ಪ ಕಣದ ನಡುವಿನ ಮೇಟಿ ಕಂಬವನ್ನು ಕಿತ್ತರು. ನೆಲ ಕೆದರಿ, ನೀರು ಹೊಡೆದು, ರೋಣಗಲ್ಲು ಎಳೆದು ಗಟ್ಟಿ ಮಾಡಿ, ರಾಶಿಗೆ ಮಾಡುತ್ತಿದ್ದ ಹಾಗೆಯೇ ಸಗಣಿ ಬಳಿದು, ಮೇಲೆ ಸುಣ್ಣದ ಗೆರೆ ಎಳೆದರು. ಹೊಟ್ಟು ತುಂಬುವ ಹಗ್ಗದ ಬಲೆಯೇ ನೆಟ್ಟು. ಕಣದಲ್ಲಿ ಚಪ್ಪಲಿ ಮೆಟ್ಟಬಾರದು ಎಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಅದನ್ನು ಅಪ್ಪನೂ ಮುರಿಯಲಿಲ್ಲ. ಹೀಗಾಗಿ ನಾನು ಬರಿಗಾಲಲ್ಲಿ ಆಡುತ್ತ ಬೆಳೆದೆ. ಸಗಣಿ ನೆಲದಲ್ಲಿ ಚೆಂಡು ಮೊಣಕಾಲಿನ ಮೇಲೆ ಏಳುತ್ತಿರಲಿಲ್ಲ. ಬಗ್ಗಿ ಬಗ್ಗಿ, ಚೆಂಡನ್ನು ನೆಲಕ್ಕೆ ಸವರಿದಂತೆ ಕಳಿಸುವ ಒಂದು ಹೊಡೆತ ನನಗೆ ತಾನಾಗಿ ಬಂತು. ಮುಂದೆ ದೊಡ್ಡ ಊರಿನ ಕೋಚುಗಳೆಲ್ಲ ಅದನ್ನು ಯಾರು ಕಲಿಸಿದರು ಎಂದು ಕೇಳುತ್ತಿದ್ದರು. ನಮ್ಮಪ್ಪ, ಎನ್ನುತ್ತಿದ್ದೆ.

ಊರೇನು ಮಾಡಿತು? ಊರು ಮೂಗು ಮುರಿಯಿತು. ನಮ್ಮ ಎದುರುಮನೆಯಲ್ಲಿ ಒಬ್ಬ ಕಾಕೂ ಇದ್ದರು, ಓಣಿಯ ಹಿರಿಯ ಮುತ್ತೈದೆ. ಅವರ ಮಾತೆಂದರೆ ಓಣಿಗೆಲ್ಲ ಶಾಸನ. "ಮಗಳನ್ನ ಚಡ್ಡಿ ಮ್ಯಾಲೆ ಕುಣಸಾಕ ಹತ್ತೀರಿ, ನಾಳೆ ಯಾರ ಮನಿ ಹೊಸ್ತಿಲಾ ತುಳಸಾವ್ರು ಆಕೀನ್ನ?" ಎಂದು ಅವ್ವನನ್ನು ನಿಲ್ಲಿಸಿ ಕೇಳುತ್ತಿದ್ದರು. ನಾನು ರ‍್ಯಾಕೆಟ್ ಹೆಗಲಿಗೆ ಹಾಕಿಕೊಂಡು ಬೆಳಗಾವಿ ಬಸ್ಸಿಗೆ ಹೊರಟರೆ, ಕಟ್ಟೆಯ ಮೇಲೆ ಕೂತು ಸರಿಯಾಗಿ ಅದೇ ಹೊತ್ತಿಗೆ ಬಾಯಲ್ಲಿನ ಎಲೆಅಡಿಕೆ ಉಗುಳುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳು ಒಬ್ಬರ ಮನೆಗೆ ಒಬ್ಬರು ಹೋದಾಗ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ತುಂಡುಬಟ್ಟೆ ಇಟ್ಟು ಉಡಿ ತುಂಬಿ ಕಳಿಸುತ್ತಾರೆ. ಒಂದು ಶ್ರಾವಣದಲ್ಲಿ ಆ ಕಾಕೂ ಸಾಲಿನಲ್ಲಿ ಕೂತಿದ್ದ ಎಲ್ಲರಿಗೂ ಉಡಿ ತುಂಬಿ, ಅವ್ವನ ಹತ್ತಿರ ಬಂದಾಗ ತಟ್ಟೆಯಲ್ಲಿ ಅಕ್ಕಿ ಮುಗಿಯಿತೆಂದು ಎದ್ದುಬಿಟ್ಟರಂತೆ. ಅವ್ವ ಆಮೇಲೆ ಯಾರ ಮನೆಯ ಉಡಿಗೂ ಹೋಗಲಿಲ್ಲ. ನನಗೆ ಹತ್ತೊಂಬತ್ತು ತುಂಬಿದ ವರ್ಷ ಅವಳು ತೀರಿಕೊಂಡಳು.

ಹೀಗೆ ಆಡುತ್ತ ಆಡುತ್ತ ಇಪ್ಪತ್ತೈದಾಯಿತು. ಆ ವರ್ಷ ಥಾಯ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನನ್ನ ಗ್ರಹ ಏನು ತಿರುಗಿತೋ, ನನಗಿಂತ ಬಹಳ ಮೇಲಿದ್ದ ಹುಡುಗಿಯೊಬ್ಬಳನ್ನು ಸೋಲಿಸಿ ಸೆಮಿಫೈನಲ್ ಮುಟ್ಟಿದೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅಂಗೈಯಷ್ಟು ಫೋಟೋ ಬಂತು. ಅಷ್ಟು ಸಾಕಾಯಿತು. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ನಾನು ವಿಮಾನ ಇಳಿಯುವಷ್ಟರಲ್ಲಿ ವಾಟ್ಸಾಪಿನಲ್ಲಿ ನಾನು "ನಾಡಿನ ಹೆಮ್ಮೆಯ ಕುವರಿ" ಆಗಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಕಡೆಯ ಹಿರಿಯರು ಸೇರಿ ಒಂದು ಸತ್ಕಾರ ಸಮಿತಿ ಮಾಡಿದ್ದರು. ನಾನು ಅನ್ನವಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ವರ್ಷಗಳಲ್ಲಿ ಈ ಹಿರಿಯರು ಎಲ್ಲಿದ್ದರೋ ದೇವರಿಗೇ ಗೊತ್ತು.

ಇಲ್ಲಿ ನಮ್ಮ ಆಟದ ಒಂದು ನಿಯಮ ಹೇಳಬೇಕು. ಗೆದ್ದು ಪಡೆದ ಅಂಕಗಳು ಒಂದು ವರ್ಷ ಮಾತ್ರ ಬಾಳುತ್ತವೆ, ಆಮೇಲೆ ಉದುರಿಹೋಗುತ್ತವೆ. ಹಿಂದಿನ ವರ್ಷ ನಾನು ಪುಣೆಯಲ್ಲಿ ಚೆನ್ನಾಗಿ ಆಡಿದ್ದೆ. ಆ ಅಂಕಗಳು ಉದುರುವ ವಾರದಲ್ಲೇ ಪುಣೆಯಲ್ಲಿ ಮತ್ತೆ ಅದೇ ಪಂದ್ಯಾವಳಿ ಇತ್ತು. ಅಲ್ಲಿ ಆಡಿ ಗೆದ್ದರೆ ಥಾಯ್ಲೆಂಡಿನದೂ ಸೇರಿ ನಾನು ಮೇಲಿನ ಮೆಟ್ಟಿಲಿಗೆ ಕಾಲಿಡುತ್ತಿದ್ದೆ. ಆಡದಿದ್ದರೆ ಪಟ್ಟಿಯಲ್ಲಿ ಜಾರಿ ಮತ್ತೆ ವಾಚಮನ್ ಮತ್ತು ನಾಯಿಯ ಮುಂದೆ. ನನ್ನಂತೆ ಅರ್ಹತಾ ಸುತ್ತಿನಲ್ಲಿ ಆಡುವವರು ಭಾನುವಾರ ಸಂಜೆ ಆರರೊಳಗೆ ಖುದ್ದಾಗಿ ಹೋಗಿ ಸಹಿ ಮಾಡಬೇಕು. ಆರಕ್ಕೆ ಪುಸ್ತಕ ಮುಚ್ಚುತ್ತಾರೆ. ಆರೂ ಒಂದಕ್ಕೆ ಹೋದರೆ ಲೋಕದ ಒಂದನೇ ನಂಬರಿನವಳಿಗೂ ಆಟವಿಲ್ಲ.

ಸಮಿತಿಯವರು ಹಿಡಿದದ್ದೂ ಅದೇ ಭಾನುವಾರ. ನಾನು ಒಲ್ಲೆ ಎಂದೆ. ಅಪ್ಪ ಒಂದು ದಾರಿ ಹುಡುಕಿದರು. "ಕಾರ್ಯಕ್ರಮಾ ಕಿತ್ತೂರಾಗ ಇಡಸ್ತೇನಿ. ಹೈವೇ ಮಗ್ಗಲಕ ಐತಿ. ಮುಂಜಾನೆ ಎಂಟಕ್ಕ ಚಾಲೂ, ಒಂಬತ್ತಕ್ಕ ಮುಗೀತು. ಅಲ್ಲಿಂದನ ಕಾರ್ ಬಿಡೂನು, ಏಳ ತಾಸಿನ ದಾರಿ, ನಾಲ್ಕಕ್ಕ ಪುಣೆ. ಏನಂತಿ?" ಲೆಕ್ಕ ಸರಿ ಇತ್ತು. ಆಯ್ತು ಎಂದೆ.

ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಕಿತ್ತೂರಿನ ಆ ಕಲ್ಯಾಣಮಂಟಪದ ಮುಂದೆ ಇಳಿದೆವು. ಬಾಗಿಲಲ್ಲಿ ಹತ್ತಡಿ ಎತ್ತರದ ಫ್ಲೆಕ್ಸು. ಅದರಲ್ಲಿ ನನ್ನ ಮುಖಕ್ಕೆ ಯಾರೋ ಬಿಳಿ ಬಣ್ಣ ಬಳಿದಿದ್ದರು, ಕೈಯಲ್ಲಿ ಬ್ಯಾಡ್ಮಿಂಟನ್ ರ‍್ಯಾಕೆಟ್ ಕೊಟ್ಟಿದ್ದರು, ತಲೆಯ ಸುತ್ತ ಷಟಲ್ ಕಾಕ್‌ಗಳು ಹಾರುತ್ತಿದ್ದವು. ನನ್ನ ಚಿತ್ರಕ್ಕಿಂತ ದೊಡ್ಡದಾಗಿ ಕೈಮುಗಿದ ಹನ್ನೊಂದು ಜನರ ಚಿತ್ರ. ಒಳಗೆ ಕುರ್ಚಿ ಹಾಕುವವರು ಇನ್ನೂ ಹಾಕುತ್ತಿದ್ದರು. ಉಪ್ಪಿಟ್ಟು ತಿನ್ನಿರಿ, ಶಿರಾ ತಿನ್ನಿರಿ ಎಂಬ ಬಲವಂತ. ನಾನು ಟ್ರ್ಯಾಕ್‌ಸೂಟಿನಲ್ಲಿದ್ದೆ, ಕಾರಿನಲ್ಲಿ ಕಿಟ್ ತಯಾರಿತ್ತು.

ಒಂಬತ್ತಾಯಿತು. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷರು ಮೈಕು ಊದುತ್ತ ಕೂತಿದ್ದರು. ಮುಖ್ಯ ಅತಿಥಿಗಳು ರಾಮದುರ್ಗದ ಕಡೆಯ ಒಬ್ಬ ದೊಡ್ಡ ಸಾಹುಕಾರ ದಂಪತಿ. ಅವರು ಬಂದಿರಲಿಲ್ಲ. "ರಾಮದುರ್ಗ ಬಿಟ್ಟಾರಂತ್ರಿ, ಇನ್ನೇನ ಬಂದ್ರು," ಎಂದರು ಅಧ್ಯಕ್ಷರು. ಅವರಿಲ್ಲದಿದ್ದರೆ ಏನಾಯಿತು, ಶಾಲು ಹಾಕಿ ಬಿಟ್ಟುಬಿಡಿ ಎಂದೆ. ಅದಕ್ಕವರು ನನ್ನನ್ನು ಸಣ್ಣ ಕೂಸಿನಂತೆ ನೋಡಿದರು. "ಶಾಲು ಹಾಕಬಹುದವ್ವಾ. ಉಡಿ? ಊರ ಮಗಳು ಪರಸ್ಥಳಕ್ಕ ಹೊಂಟಾಳ, ಬರಿ ಉಡೀಲೆ ಹೆಂಗ ಕಳಸೂದು? ಸಾಹುಕಾರ್ತಿ ಮೊದಲು ತುಂಬಬೇಕು, ಆಮ್ಯಾಲೆ ಉಳಿದವ್ರು."

ಹೀಗೆ ನಾನು ಸಾಹುಕಾರ್ತಿಯ ಕೈಯ ಅಕ್ಕಿಗಾಗಿ ಕಾಯುತ್ತ ಕೂತೆ. ಸುದ್ದಿಗಳು ಬರುತ್ತಿದ್ದವು. ಮುನವಳ್ಳಿಯಲ್ಲಿ ಯಾರದೋ ಅಂಗಡಿಯ ಪೂಜೆಗೆ ಕರೆದೊಯ್ದರಂತೆ. ಅಲ್ಲಿ ಚಹಾ ಆಯಿತಂತೆ. ಚಹಾ ಆದ ಮೇಲೆ ನಾಷ್ಟಾ ಆಯಿತಂತೆ. ಈ ನಡುವೆ ಭಾಷಣಗಳು. ಒಬ್ಬರು ನನ್ನ ಟೇಬಲ್ ಟೆನ್ನಿಸ್ ಸಾಧನೆಯನ್ನು ಕೊಂಡಾಡಿದರು. ಇನ್ನೊಬ್ಬರು, ನಾನು ಚಿಕ್ಕವಳಿದ್ದಾಗ ನನಗೆ ಮೊದಲ ಚೆಂಡು ಕೊಡಿಸಿದವರು ತಾವೇ ಎಂದರು. ಆ ಮಹಾಶಯರನ್ನು ನಾನು ಅವತ್ತೇ ಮೊದಲು ನೋಡಿದ್ದು. ಮತ್ತೊಬ್ಬರು ಹೆಣ್ಣುಮಕ್ಕಳು ಮರ್ಯಾದೆಯ ಉಡುಪಿನಲ್ಲೂ ಆಡಬಹುದು ಎಂಬುದಕ್ಕೆ ನಾನು ಸಾಕ್ಷಿ ಎಂದರು. ಇವರು ನನ್ನ ಒಂದು ಪಂದ್ಯವನ್ನಾದರೂ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ಪ್ರತಿಯೊಬ್ಬರೂ ಮಾತು ಮುಗಿಸಿ ಬಂದು ನನ್ನ ತಲೆ ಸವರಿ ಹೋಗುತ್ತಿದ್ದರು. ಒಬ್ಬರ ಕೈಯಲ್ಲಿ ಶಿರಾದ ತುಪ್ಪ ಇನ್ನೂ ಇತ್ತು. ನನಗೆ ಎದ್ದು ಹೋಗಿ ತಲೆ ತೊಳೆದುಕೊಳ್ಳಬೇಕೆನ್ನುವಷ್ಟು ಅಸಹ್ಯವಾಯಿತು.

ಹತ್ತಕ್ಕೆ ನಾನು ಎದ್ದುನಿಂತೆ. ಪಕ್ಕದಲ್ಲಿ ಕೂತಿದ್ದ ಅಪ್ಪ ನನ್ನ ತೋಳು ಹಿಡಿದು ಕೂರಿಸಿದರು. ಅವರಿಗೆ ಆಗಲೇ ಪೇಟ ಸುತ್ತಿದ್ದರು, ಹೆಗಲ ಮೇಲೆ ಶಾಲಿತ್ತು. ಕಣಕ್ಕೆ ಸಗಣಿ ಬಳಿದ ಆ ಮನುಷ್ಯನ ಮುಖದಲ್ಲಿ ನಾನು ಎಂದೂ ನೋಡದ ಒಂದು ಹಲ್ಲುಕಿರಿತ. "ಕುಂದ್ರು. ಒಂದು ಟೂರ್ನಮೆಂಟ್ ಹೋದ್ರ ಇನ್ನೊಂದು ಬರ್ತೈತಿ. ಇಂಥಾ ದಿನ ಬರೂದಿಲ್ಲ," ಎಂದರು. ಇವರೂ ಹೀಗೆಯೇ ಎಂದು ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೇಸಿಗೆ ಬಂತು. ನಾನು ಅವರ ಕಡೆ ನೋಡುವುದನ್ನು ಬಿಟ್ಟು ಗಡಿಯಾರ ನೋಡುತ್ತ ಕೂತೆ.

ಹತ್ತೂವರೆಗೆ ಅಪ್ಪನಿಗೆ ಏನಾಯಿತೋ ಗೊತ್ತಿಲ್ಲ. ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. ಪೇಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಶಾಲಿನ ಮರೆಯಲ್ಲಿ ಕೈ ಚಾಚಿ ಕಾರಿನ ಕೀಲಿಯನ್ನು ನನ್ನ ಅಂಗೈಯಲ್ಲಿ ಒತ್ತಿದರು. "ಹಿಂದಿನ ಬಾಗಲಾ ತೆರದೈತಿ," ಎಂದರು ಮೆಲ್ಲಗೆ. "ನೀ ಹೋಗಿಬಿಡು. ಇಲ್ಲಿ ಬೈಸ್ಕೊಳ್ಳೂದೆಲ್ಲಾ ನಾ ಬೈಸ್ಕೋತೇನಿ." ಆಗ ಬಿಟ್ಟಿದ್ದರೂ ಐದೂವರೆಗೆ ಪುಣೆ ಮುಟ್ಟುತ್ತಿದ್ದೆ. ಕಾರು ನಡೆಸಲು ನನಗೆ ಬರುತ್ತಿತ್ತು. ಹೈವೇಯಲ್ಲಿ ಲಾರಿಗಳು ಹೋಗುವ ಸದ್ದು ನಾನು ಕೂತಲ್ಲಿಗೇ ಕೇಳಿಸುತ್ತಿತ್ತು.

ನಾನು ಏಳಲಿಲ್ಲ.

ಯಾಕೆಂದರೆ ಅದೇ ಹೊತ್ತಿಗೆ ಸಭೆಯ ಮುಂದಿನ ಸಾಲಿನಲ್ಲಿ ಐದು ಮಂದಿ ಮುತ್ತೈದೆಯರು ಹಿತ್ತಾಳೆ ತಟ್ಟೆ ಹಿಡಿದು ಬಂದು ಕೂತರು. ಐವರಲ್ಲಿ ಒಬ್ಬರು ನಮ್ಮ ಎದುರುಮನೆಯ ಕಾಕೂ. ಇಳಕಲ್ ಸೀರೆ, ಮೂಗಿನಲ್ಲಿ ನತ್ತು, ತಟ್ಟೆಯ ತುಂಬ ಅಕ್ಕಿ. ನನ್ನನ್ನು ನೋಡಿ ನಕ್ಕರು. ಆ ಅಕ್ಕಿಯನ್ನು ನೋಡಿ ನನಗೆ ಅವ್ವ ನೆನಪಾದಳು. ಈಕೆ ಇವತ್ತು ಎಲ್ಲರೆದುರಿಗೆ ನನ್ನ ಮುಂದೆ ಬಗ್ಗಿ ಉಡಿ ತುಂಬುತ್ತಾಳೆ, ಅದನ್ನು ನಾನು ಕಣ್ಣಾರೆ ನೋಡಬೇಕು ಅನ್ನಿಸಿತು. ಅದೊಂದು ಬೇಕಾಗಿತ್ತು ನನಗೆ. ಪುಣೆಗಿಂತ, ಹತ್ತು ವರ್ಷದ ಬೆವರಿಗಿಂತ ಅದು ಹೆಚ್ಚು ಬೇಕಾಗಿತ್ತು. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತೆ. ಅಪ್ಪ ಇನ್ನೊಮ್ಮೆ ನನ್ನ ಕಡೆ ತಿರುಗಿದರು. ನಾನು ತಿರುಗಲಿಲ್ಲ.

ಸಾಹುಕಾರ ದಂಪತಿ ಬಂದಾಗ ಒಂದೂವರೆ. ಬೈಲಹೊಂಗಲದಲ್ಲಿ ಊಟ ಮುಗಿಸಿಕೊಂಡೇ ಬಂದಿದ್ದರು. ಈಗ ಹೊಸ ತಕರಾರು ಎದ್ದಿತು. ಟ್ರ್ಯಾಕ್‌ಸೂಟಿನವಳಿಗೆ ಸೆರಗೇ ಇಲ್ಲ, ಉಡಿ ತುಂಬುವುದು ಎಲ್ಲಿಗೆ? ಯಾರದೋ ಮನೆಯಿಂದ ಒಂದು ಸೀರೆ ತಂದರು. ಅದರ ಬಗಲಲ್ಲಿ ಇನ್ನೊಬ್ಬಳ ಬೆವರಿನ ನಾತ. ಅದನ್ನು ನನ್ನ ಪ್ಯಾಂಟಿನ ಮೇಲೆಯೇ ಸುತ್ತಿ, ಸೆರಗು ಹಿಡಿಸಿ, ಕುರ್ಚಿಯಲ್ಲಿ ಕೂರಿಸಿದರು. ಫೋಟೋದವನು ಎರಡು ಸಲ ಎಬ್ಬಿಸಿ ಕೂರಿಸಿದ. ಸಾಹುಕಾರ್ತಿ ನನ್ನ ಮುಖ ಕೂಡ ನೋಡದೆ, ಕ್ಯಾಮೆರಾದ ಕಡೆ ತಿರುಗಿಕೊಂಡೇ ಅಕ್ಕಿ ಹಾಕಿದರು. ಅರ್ಧ ನೆಲಕ್ಕೆ ಬಿತ್ತು.

ಆಮೇಲೆ ಕಾಕೂ ಬಂದರು. ನಾನು ಮೈಯೆಲ್ಲ ಕಣ್ಣಾಗಿ ನೋಡಿದೆ. ಅವರ ಮುಖದಲ್ಲಿ ನಾಚಿಕೆಯಾಗಲಿ ಅಳುಕಾಗಲಿ ಎಳ್ಳಷ್ಟಾದರೂ ಕಾಣಬಹುದೇ ಎಂದು ಹುಡುಕಿದೆ. ಏನೂ ಇರಲಿಲ್ಲ. ಅವರಿಗೆ ಉಗುಳಿದ್ದೂ ನೆನಪಿರಲಿಲ್ಲ, ಅವ್ವನ ಮುಂದೆ ಅಕ್ಕಿ ಮುಗಿದದ್ದೂ ನೆನಪಿರಲಿಲ್ಲ. ಯಾವ ಮನೆಯ ಯಾವ ಹುಡುಗಿಗಾದರೂ ಮಾಡುವಂತೆ ಹಣೆಗೆ ಕುಂಕುಮ ಒತ್ತಿ, ಬೊಗಸೆ ತುಂಬ ಅಕ್ಕಿ ಹಾಕಿ, ಕೊಬ್ಬರಿ ಬಟ್ಟಲು ಇಟ್ಟು, ನನ್ನ ಕೆನ್ನೆ ಹಿಡಿದು ನಿಜವಾದ ಅಕ್ಕರೆಯಿಂದ ಹೇಳಿದರು: "ಇಷ್ಟ ಆಡಿದ್ದು ಸಾಕ ನನ್ನವ್ವಾ. ಲಗೂನ ಒಂದ ಛಲೋ ಗಂಡ ಸಿಗಲಿ."

ಆರರೊಳಗೆ ಮುಟ್ಟುವುದಿಲ್ಲ ಎಂದು ಇಬ್ಬರಿಗೂ ಗೊತ್ತಿದ್ದೂ ಮೂರಕ್ಕೆ ಬಿಟ್ಟೆವು. ಅಪ್ಪ ಕಾರು ನಡೆಸಿದರು. ನಾನು ಆ ಸೀರೆಯಲ್ಲೇ ಇದ್ದೆ. ಉಡಿಯನ್ನು ದಾರಿಯಲ್ಲಿ ಬಿಚ್ಚಬಾರದಂತೆ. ಅದೂ ಒಂದು ಶಾಸ್ತ್ರ. ಕೊಲ್ಹಾಪುರದ ಹತ್ತಿರ ಆರು ಹೊಡೆಯಿತು. ಪಂದ್ಯಾವಳಿಯ ಅಧಿಕಾರಿಗೆ ಫೋನು ಮಾಡಿ, ನನ್ನ ಊರಿನವರು ನನ್ನನ್ನು ಸನ್ಮಾನಿಸುತ್ತಿದ್ದರು, ತಡವಾಯಿತು ಎಂದೆ. ಆಕೆ ಅಭಿನಂದನೆ ಹೇಳಿದರು. ಪುಸ್ತಕ ಮುಚ್ಚಿದೆ ಎಂದೂ ಹೇಳಿದರು. ಅಪ್ಪ ಒಂದು ಧಾಬಾದ ಹತ್ತಿರ ಕಾರು ತಿರುಗಿಸಿದರು. ತಿರುಗುವಾಗ ಅಕ್ಕಿ ಚೆಲ್ಲಿ ಸೀಟಿನ ಸಂದಿಗೆಲ್ಲ ಹೋಯಿತು.

ಸೋಮವಾರ ಅಂಕಗಳು ಉದುರಿದವು. ಪಟ್ಟಿಯಲ್ಲಿ ಜಾರಿದೆ, ಮುಂದಿನ ಊರುಗಳಲ್ಲಿ ನೇರ ಪ್ರವೇಶ ಸಿಗಲಿಲ್ಲ. ಎರಡು ವರ್ಷ ಅದೇ ಲಾಡ್ಜುಗಳು, ಅದೇ ಹಸಿ ಬಟ್ಟೆ. ಕೊನೆಗೆ ಮೊಣಕಾಲು ಕೈಕೊಟ್ಟಿತು. ಈಗ ಬೈಲಹೊಂಗಲದಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತೇನೆ. ಸಂಗೊಳ್ಳಿಯಿಂದ, ಚಚಡಿಯಿಂದ ಬಸ್ಸು ಹತ್ತಿ ಬರುತ್ತಾರೆ. ಸಮಿತಿಯ ಅಧ್ಯಕ್ಷರು ದಾರಿಯಲ್ಲಿ ಸಿಕ್ಕರೆ, ಈಗ ಏನು ಮಾಡುತ್ತೀ ತಂಗೀ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ.

ಯಾರಾದರೂ ಯಾಕೆ ಬಿಟ್ಟೆ ಎಂದು ಕೇಳಿದರೆ ಈ ಸತ್ಕಾರದ ಕಥೆ ಹೇಳುತ್ತೇನೆ. ಚೆನ್ನಾಗಿ ಹೇಳುತ್ತೇನೆ, ಜನ ನಗುತ್ತಾರೆ. ಷಟಲ್ ಕಾಕ್ ಇರುತ್ತದೆ, ಶಿರಾದ ಕೈ ಇರುತ್ತದೆ, ಸಾಹುಕಾರ್ತಿ ಇರುತ್ತಾಳೆ. "ನಾ ಎದ್ದೆ, ನಮ್ಮಪ್ಪ ತೋಳ ಹಿಡದ ಕುಂದ್ರಿಸಿದ್ರು" ಎಂಬ ಮಾತೂ ಇರುತ್ತದೆ. ಕೀಲಿಯ ಮಾತು ಇರುವುದಿಲ್ಲ. ಮೊದಲ ಸಲ ಅದನ್ನು ಬಿಟ್ಟು ಹೇಳಿದಾಗ ಮುಳ್ಳು ಚುಚ್ಚಿತ್ತು. ಆಮೇಲೆ ಅಭ್ಯಾಸವಾಯಿತು. ಅಪ್ಪ ಮಗ್ಗುಲಲ್ಲಿ ಕೂತಿದ್ದಾಗಲೂ ಹಾಗೆಯೇ ಹೇಳಿದ್ದೇನೆ, ನಗುನಗುತ್ತ. ಅವರು ಒಮ್ಮೆಯೂ ತಿದ್ದಲಿಲ್ಲ.

ಈಗ ಅಪ್ಪನಿಗೆ ವಯಸ್ಸಾಗಿದೆ. ನೆನಪು ಅಲ್ಲಲ್ಲಿ ಸವೆದಿದೆ, ಹೆಸರುಗಳು ಅದಲುಬದಲಾಗುತ್ತವೆ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಮುರಿದ ರೊಟ್ಟಿಯ ಚೂರನ್ನು ತಾಟಿಗೆ ವಾಪಸ್ ಇಟ್ಟರು. ರೊಟ್ಟಿ ಗಟ್ಟಿಯಾಯಿತೇನೋ ಎಂದುಕೊಂಡೆ.

"ಅವತ್ತ ಕಿತ್ತೂರಾಗ," ಎಂದರು, "ನಾ ನಿನಗ ಕಾರಿನ ಕೀಲಿ ಕೊಡಬೇಕಾಗಿತ್ತು. ಕೊಡಲಿಲ್ಲ. ತಪ್ಪ ಮಾಡಿದೆ. ನಿನ್ನ ಆಟಾ ನಾನ ಕೆಡಿಸಿದೆ."

ಅವರ ಕಣ್ಣಲ್ಲಿ ನೀರಿತ್ತು. ನಾನು ಅವರ ಬೆನ್ನು ಸವರಿದೆ. "ಇರ್ಲಿ ಬಿಡಪ್ಪಾ," ಎಂದೆ, "ನಾ ಅದನ್ನ ಯಾವಾಗ್ಲೋ ಮರತೇನಿ." ಅಪ್ಪ ಕಣ್ಣೊರೆಸಿಕೊಂಡು, ನಾನು ಕ್ಷಮಿಸಿದ್ದಕ್ಕೆ ನನಗೆ ಕೈಮುಗಿದರು.